ಕಿಡ್ನಿ ತೊಂದರೆ ಇರುವ ಅಪ್ಪನಿಗೆ ಟ್ರೋಪೋನಿನ್ ಜಾಸ್ತಿ ಬಂದಿದೆ, ಹಾರ್ಟಿಗೂ ಏನಾದರೂ ಆಗಿದೆಯಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಅಪ್ಪನಿಗೆ 62 ವರ್ಷ. ನಾಲ್ಕು ವರ್ಷದಿಂದ ಕಿಡ್ನಿ ತೊಂದರೆ, ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ, ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುತ್ತದೆ) 2.8. ಹೋದ ವಾರ ಸುಸ್ತು ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಹಾರ್ಟಿಗಾಗಿ ಮಾಡುವ ಎರಡು ರಕ್ತದ ಟೆಸ್ಟಿನಲ್ಲಿ ಟ್ರೋಪೋನಿನ್ ಟಿ 46, ಎನ್‌ಟಿ-ಪ್ರೊಬಿಎನ್‌ಪಿ 1,850 ಬಂತು. ಮೂರು ತಾಸು ಬಿಟ್ಟು ಮತ್ತೆ ರಕ್ತ ತೆಗೆದಾಗ ಟ್ರೋಪೋನಿನ್ 47. "ಕಿಡ್ನಿ ಪೇಷಂಟ್‌ಗೆ ಹಿಂಗೇ ಇರತೈತಿ, ಹಾರ್ಟ್ ಅಟ್ಯಾಕ್ ಅಲ್ಲ" ಅಂತ ಮನೆಗೆ ಕಳಿಸಿದರು. ಹಾಗಾದರೆ ಹಾರ್ಟ್ ಚೆನ್ನಾಗಿದೆ ಅಂತಾನಾ ಅಥವಾ ಕೆಟ್ಟಿದೆ ಅಂತಾನಾ ಅನ್ನೋದು ನಿಮ್ಮ ಚಿಂತೆ.

ನಾನು ಡಾಕ್ಟರ್ ಅಲ್ಲ. ಬಾಗಲಕೋಟೆಯಲ್ಲಿ 16 ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಈ ಟೆಸ್ಟುಗಳನ್ನು ದಿನಾ ಮಷೀನಿಗೆ ಹಾಕುತ್ತೇನೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಅವ್ವನಿಗೂ ಇದೇ ತೊಂದರೆ ಇದೆ. ಅವ್ವನ ವಿಷಯದಲ್ಲಿ ನಾನು ಎರಡು ಸಲ ತಪ್ಪಿದೆ. ಮೊದಲು ನಂಬರ್ ನೋಡಿ ವಿಪರೀತ ಹೆದರಿದೆ, ಆಮೇಲೆ ಅದೇ ನಂಬರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಡಾಕ್ಟರ್ ಹೇಳಿದ್ದು ಸರಿಯಾಗಿಯೇ ಇದೆ. ಟ್ರೋಪೋನಿನ್ ಅನ್ನೋದು ಹಾರ್ಟಿನ ಸ್ನಾಯುವಿನೊಳಗೆ ಇರುವ ಪ್ರೋಟೀನ್. ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಹೈ ಸೆನ್ಸಿಟಿವ್ ಟ್ರೋಪೋನಿನ್ ಟಿ ಟೆಸ್ಟಿನಲ್ಲಿ ಲೀಟರಿಗೆ 14 ನ್ಯಾನೋಗ್ರಾಂ ದಾಟಿದರೆ ರಿಪೋರ್ಟಿನಲ್ಲಿ ಹೈ ಅಂತ ಬರುತ್ತದೆ. ಆದರೆ ಈ 14 ಅನ್ನೋ ಗೆರೆ ಆರೋಗ್ಯವಂತರ ರಕ್ತ ನೋಡಿ ಹಾಕಿದ್ದು. ಕಿಡ್ನಿ ತೊಂದರೆ ಇರುವವರಲ್ಲಿ ಎಷ್ಟೋ ಜನ ಯಾವ ಅಟ್ಯಾಕೂ ಇಲ್ಲದೆ ವರ್ಷಗಟ್ಟಲೆ ಅದರ ಮೇಲೆಯೇ ಇರುತ್ತಾರೆ. ಅಟ್ಯಾಕ್ ಆಗಿದ್ದರೆ ನಂಬರ್ ಕೆಲವು ತಾಸಿನಲ್ಲಿ ಏರುತ್ತದೆ, ಆಮೇಲೆ ಇಳಿಯುತ್ತದೆ. ಮೊದಲೇ ಜಾಸ್ತಿ ಇರುವವರಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ಬದಲಾದರೆ ಹೊಸ ಪೆಟ್ಟು ಇರಬಹುದು ಅಂತ ಡಾಕ್ಟರ್‌ಗಳು ನೋಡುತ್ತಾರೆ. 46 ಇದ್ದದ್ದು 47 ಆದರೆ ಅದು ನಿಂತ ನೀರು. ಮೂರು ತಾಸು ಕೂರಿಸಿ ಎರಡನೇ ಸಲ ರಕ್ತ ತೆಗೆದರಲ್ಲ, ಒಳ್ಳೆಯ ಕೆಲಸ ಮಾಡಿದ್ದಾರೆ.

ಆದರೆ ಅಟ್ಯಾಕ್ ಅಲ್ಲ ಅಂದ ಮಾತ್ರಕ್ಕೆ ಹಾರ್ಟ್ ಚೆನ್ನಾಗಿದೆ ಅಂತ ಆಗಲಿಲ್ಲ. ಜನ ಎಡವುವುದು ಇಲ್ಲೇ, ನಾನೂ ಇಲ್ಲೇ ಎಡವಿದೆ. ಕಿಡ್ನಿ ಸರಿಯಾಗಿ ಹೊರಹಾಕದೆ ಇರೋದರಿಂದ ಟ್ರೋಪೋನಿನ್ ಸ್ವಲ್ಪ ಉಳಿಯುತ್ತದೆ, ಅದು ನಿಜ. ಆದರೆ ಪೂರ್ತಿ ಕಾರಣ ಅದಲ್ಲ. ವರ್ಷಗಟ್ಟಲೆ ಬಿಪಿ ಜಾಸ್ತಿ ಇದ್ದರೆ ಹಾರ್ಟಿನ ಗೋಡೆ ದಪ್ಪ ಆಗುತ್ತದೆ. ದಪ್ಪ ಆದ ಗೋಡೆಗೆ ಸಣ್ಣ ರಕ್ತನಾಳಗಳಿಂದ ಸಾಕಷ್ಟು ರಕ್ತ ಸಿಗೋದಿಲ್ಲ. ಕಿಡ್ನಿ ಸೋತವರಿಗೆ ಹಿಮೋಗ್ಲೋಬಿನ್ ಕಡಿಮೆ, ಮೈಯಲ್ಲಿ ನೀರು ಜಾಸ್ತಿ. ನಮ್ಮ ಕಡೆ ಬೋರ್‌ವೆಲ್ ನೀರು ಆಳಕ್ಕೆ ಇಳಿದಾಗ ಮೋಟರ್ ಹೇಗೆ ಬಿಸಿಯಾಗುತ್ತದೋ ಹಾಗೆ. ನಿಂತಿಲ್ಲ, ಸುಟ್ಟಿಲ್ಲ, ಆದರೆ ದಿನಾ ಸ್ವಲ್ಪ ಸ್ವಲ್ಪ ಸವೆಯುತ್ತಿದೆ. ಅಪ್ಪನ 46ರಲ್ಲಿ ಈ ಸವೆತವೂ ಇರಬಹುದು. ಡಯಾಲಿಸಿಸ್ ಹಂತ ಮುಟ್ಟುವ ಮೊದಲೇ ಹಾರ್ಟಿನ ತೊಂದರೆಯಿಂದ ಹೋಗುವ ಕಿಡ್ನಿ ಪೇಷಂಟ್‌ಗಳು ಬಹಳ ಜನ. ಹೆದರಿಸಲು ಹೇಳುತ್ತಿಲ್ಲ. ಕಿಡ್ನಿ ಫೈಲ್ ಬೇರೆ, ಹಾರ್ಟ್ ಫೈಲ್ ಬೇರೆ ಅಂತ ಇಡಬೇಡಿ ಅಂತ ಹೇಳುತ್ತಿದ್ದೇನೆ.

ಎನ್‌ಟಿ-ಪ್ರೊಬಿಎನ್‌ಪಿ ಇನ್ನೊಂದು ಥರ. ಹಾರ್ಟಿನ ಕೋಣೆ ನೀರಿನ ಭಾರಕ್ಕೆ ಹಿಗ್ಗಿದಾಗ ಬಿಎನ್‌ಪಿ ಅನ್ನೋ ಹಾರ್ಮೋನ್ ಬಿಡುತ್ತದೆ. ಅದರ ಜೊತೆ ಕತ್ತರಿಸಿ ಬರುವ ತುಂಡು ಇದು. ಬಿಎನ್‌ಪಿ ಅಂದರೆ ಬ್ರೇನ್ ನೇಟ್ರಿಯುರೆಟಿಕ್ ಪೆಪ್ಟೈಡ್, ಹೆಸರಿನಲ್ಲಿ ಬ್ರೇನ್ ಅಂತ ಇರೋದನ್ನು ನೋಡಿ ಕೆಲವರು ಗಾಬರಿ ಆಗುತ್ತಾರೆ. 1988ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಇದು ಮೊದಲು ಸಿಕ್ಕಿದ್ದು ಹಂದಿಯ ಮೆದುಳಿನಲ್ಲಿ, ಆ ಹೆಸರೇ ಉಳಿಯಿತು. ಆರಾಮವಾಗಿ ಓಡಾಡುವ ಮನುಷ್ಯನಲ್ಲಿ 125ಕ್ಕಿಂತ ಕಡಿಮೆ ಇದ್ದರೆ ಹಾರ್ಟ್ ಫೇಲ್ಯೂರ್ (ಹಾರ್ಟ್ ನಿಲ್ಲೋದಲ್ಲ, ಮೈಗೆ ಬೇಕಾದಷ್ಟು ಕೆಲಸ ಮಾಡಲಾಗದೆ ಸೋಲೋದು) ಇರುವ ಸಾಧ್ಯತೆ ತುಂಬಾ ಕಡಿಮೆ. ಇದೂ ಕಿಡ್ನಿ ಮೂಲಕವೇ ಹೊರಹೋಗಬೇಕು. ಹಾಗಾಗಿ ಅಪ್ಪನಿಗೆ 125ರ ಗೆರೆ ಹೊಂದೋದಿಲ್ಲ. 1,850 ಒಂದೇ ನೋಡಿ ಯಾರೂ ಏನೂ ಹೇಳಲಾರರು. ಆರು ತಿಂಗಳ ಹಿಂದೆ ಎಷ್ಟಿತ್ತು ಅಂತ ಗೊತ್ತಿದ್ದರೆ ಹೇಳಬಹುದು.

ಅವ್ವನ ಕಥೆ ಹೇಳುತ್ತೇನೆ.

2019ರ ಬೇಸಿಗೆಯಲ್ಲಿ ಅವ್ವನಿಗೆ ಎದೆಯಲ್ಲಿ ಹಿಡಿದಂಗೆ ಆಯ್ತು. ನನ್ನದೇ ಮಷೀನಿನಲ್ಲಿ ಟ್ರೋಪೋನಿನ್ 38 ಬಂತು. ಕೈಕಾಲು ತಣ್ಣಗಾದವು. ಬೇರೆಯವರ ರಿಪೋರ್ಟ್ ಸಾವಿರ ಸಲ ನೋಡಿದವನು ನಾನು, ಅವ್ವನ ಹೆಸರಿನ ಮುಂದೆ ಅದನ್ನು ನೋಡಿ ಬುದ್ಧಿ ಕೆಲಸ ಮಾಡಲಿಲ್ಲ. ರಾತ್ರಿಯೇ ಗಾಡಿ ಮಾಡಿಕೊಂಡು ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ ಹೋದೆವು. ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಬೇಕಿತ್ತು, ಅದನ್ನೂ ಮಾಡಲಿಲ್ಲ. ಅಲ್ಲಿ ಮತ್ತೆ ನೋಡಿದರು, 39. ಮತ್ತೂ ಒಂದು ಸಲ, 38. ಬೆಳಗ್ಗೆ ವಾಪಸ್ ಕಳಿಸಿದರು.

ಆಮೇಲೆ ನಾನು ಇನ್ನೊಂದು ತುದಿಗೆ ಹೋದೆ. ಏನು ಬಂದರೂ "ಇದು ಕಿಡ್ನಿದು" ಅಂದುಬಿಡುತ್ತಿದ್ದೆ. ಒಂದೂವರೆ ವರ್ಷ ಹಾಗೇ ಹೋಯ್ತು. ಅಷ್ಟರಲ್ಲಿ ಅವ್ವ ಸಂತೆಗೆ ಹೋಗೋದು ಬಿಟ್ಟಿದ್ದಳು. ಮಾಳಿಗೆ ಮೇಲೆ ಸಂಡಿಗೆ ಒಣಹಾಕೋದು ಸೊಸೆಗೆ ಬಂದಿತ್ತು. ಬನಶಂಕರಿ ಜಾತ್ರೆಗೆ "ಈ ಸಲ ನೀವ ಹೋಗ್ರಿ" ಅಂದಳು. ನಾವು ದಿನಾ "ಹೆಂಗದಿ ಅವ್ವಾ?" ಅಂತ ಕೇಳುತ್ತಿದ್ದೆವು. "ಆರಾಮ ಅದೀನಿ, ನನಗೇನ್ ಆಗೇತಿ" ಅನ್ನುತ್ತಿದ್ದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಮೆಟ್ಟಿಲು ಹತ್ತೋದೇ ಬಿಟ್ಟ ಮೇಲೆ ದಮ್ಮು ಹತ್ತೋದು ಎಲ್ಲಿಂದ? ದಮ್ಮು ಬರುವ ಕೆಲಸ ಒಂದೊಂದೇ ಬಿಡುತ್ತಾ ಬಿಡುತ್ತಾ ಅವಳ ಓಡಾಟ ಅಡುಗೆಮನೆ ಮತ್ತು ಪಡಸಾಲೆಗೆ ಬಂದು ನಿಂತಿತ್ತು. ಒಂದು ರಾತ್ರಿ ಎದ್ದು ನೋಡಿದೆ, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಕೇಳಿದರೆ, "ಮಲಕೊಂಡ್ರ ಉಸುರು ಕಟ್ಟಿದಂಗ ಆಗತೈತಿ, ಎರಡ್ ತಿಂಗಳಾತು" ಅಂದಳು. ಎರಡು ತಿಂಗಳು, ನನ್ನ ಪಕ್ಕದ ಕೋಣೆಯಲ್ಲಿ.

ಎನ್‌ಟಿ-ಪ್ರೊಬಿಎನ್‌ಪಿ 1,400 ಇದ್ದದ್ದು 6,200 ಆಗಿತ್ತು. ಕ್ರಿಯಾಟಿನಿನ್ ಮಾತ್ರ 2.1ರಿಂದ 2.3 ಅಷ್ಟೇ. ಕಿಡ್ನಿ ಇಷ್ಟು ಕಡಿಮೆ ಬದಲಾಗಿರುವಾಗ ಆ ನಂಬರ್ ನಾಲ್ಕು ಪಟ್ಟು ಆಗಿದ್ದನ್ನು ಕಿಡ್ನಿ ಮೇಲೆ ಹಾಕುವಂತಿರಲಿಲ್ಲ. ಹಿಮೋಗ್ಲೋಬಿನ್ 8.6. ಎಕೋದಲ್ಲಿ (ಹಾರ್ಟಿನ ಸ್ಕ್ಯಾನಿಂಗ್) ಪಂಪಿಂಗ್ 58 ಪರ್ಸೆಂಟ್, ಅಂದರೆ ನಾರ್ಮಲ್. ಆದರೆ ಗೋಡೆ ದಪ್ಪ, ಹಾರ್ಟ್ ಬಿಗಿಯಾಗಿ ಸರಿಯಾಗಿ ಸಡಿಲ ಆಗುತ್ತಿರಲಿಲ್ಲ. ಪಂಪಿಂಗ್ ಚೆನ್ನಾಗಿದ್ದೂ ಹಾರ್ಟ್ ಫೇಲ್ಯೂರ್ ಆಗಬಹುದು ಅಂತ ನನಗೆ ಅರ್ಥ ಆಗಿದ್ದು ಆವತ್ತು. ನೀರು ಇಳಿಸುವ ಮಾತ್ರೆ, ಐರನ್, ರಕ್ತ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟರು. ಹತ್ತು ದಿನಕ್ಕೆ ನಾಲ್ಕು ಕೆಜಿ ನೀರು ಇಳಿಯಿತು. ಮೂರನೇ ವಾರ ಮಲಗಿ ನಿದ್ದೆ ಮಾಡಿದಳು.

ಆಗ ಡಾಕ್ಟರ್ ಒಂದು ಪ್ರಶ್ನೆಪಟ್ಟಿಯ ಬಗ್ಗೆ ಹೇಳಿದರು. ಕ್ಯಾನ್ಸಸ್ ಸಿಟಿ ಕಾರ್ಡಿಯೋಮಯೋಪತಿ (ಹಾರ್ಟಿನ ಸ್ನಾಯುವಿನ ತೊಂದರೆ) ಕ್ವೆಶ್ಚನೇರ್ ಅಂತ. ಅಮೆರಿಕದ ಜಾನ್ ಸ್ಪರ್ಟಸ್ ಮತ್ತು ಅವರ ಜೊತೆಗಾರರು ಮಾಡಿದ್ದು, 2000ದಲ್ಲಿ ಪ್ರಕಟವಾಯಿತು. 23 ಪ್ರಶ್ನೆ, 0ಯಿಂದ 100ರವರೆಗೆ ಅಂಕ, 100 ಅಂದರೆ ಒಳ್ಳೆಯದು. 5 ಅಂಕ ಬದಲಾದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮಾಡಿದ್ದು ಹಾರ್ಟ್ ಫೇಲ್ಯೂರ್ ಇರುವವರಿಗೆ. ಆದರೆ ಹಾರ್ಟ್ ಫೇಲ್ಯೂರ್ ಅಂತ ಇನ್ನೂ ಹೆಸರು ಬೀಳದ ಕಿಡ್ನಿ ಪೇಷಂಟ್‌ಗಳ ಮೇಲೂ ಸಂಶೋಧಕರು ಇದನ್ನು ಬಳಸಿ ನೋಡಿದ್ದಾರೆ. ನನಗೆ ಇಷ್ಟ ಆಗಿದ್ದು ಅದು ಕೇಳುವ ರೀತಿ. ಹೇಗಿದ್ದೀರಿ ಅಂತ ಅದು ಕೇಳೋದೇ ಇಲ್ಲ. ಹೋದ ಎರಡು ವಾರದಲ್ಲಿ ಬಟ್ಟೆ ಹಾಕಿಕೊಳ್ಳಲು, ಸ್ನಾನಕ್ಕೆ, ಸಮ ನೆಲದ ಮೇಲೆ ನಡೆಯಲು, ಸಾಮಾನು ಹೊರಲು, ನಿಲ್ಲದೆ ಮೆಟ್ಟಿಲು ಹತ್ತಲು ಎಷ್ಟು ಕಷ್ಟ ಆಯ್ತು? ಬೆಳಗ್ಗೆ ಎದ್ದಾಗ ಕಾಲು ಬಾವು ಎಷ್ಟು ದಿನ ಇತ್ತು? ಉಸಿರಿಗಾಗಿ ಎಷ್ಟು ರಾತ್ರಿ ಕೂತು ಮಲಗಿದಿರಿ? ಹೀಗೆ. ಅವ್ವನಿಗೆ ಮೊದಲೇ ಹೀಗೆ ಕೇಳಿದ್ದರೆ ಆ ಎರಡು ತಿಂಗಳು ಉಳಿಯುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ಅಪ್ಪನಿಗೂ ಹಾಗೆ ಕೇಳಿ. "ದಮ್ಮು ಬರತೈತೇನು" ಅಂದರೆ ಇಲ್ಲ ಅಂತಾರೆ. "ಹೋದ ವರ್ಷ ಹೊಲದ ತನಕ ನಡದು ಹೋಗ್ತಿದ್ರಿ, ಈಗ್ಯಾಕ ಹೋಗೂದಿಲ್ಲ?" ಅಂತ ಕೇಳಿ. ನಿಮ್ಮ ತಾಯಿಯನ್ನು ಬೇರೆಯಾಗಿ ಕೇಳಿ, ಅವರಿಗೆ ಹೆಚ್ಚು ಗೊತ್ತಿರುತ್ತದೆ. ಬಂದ ಉತ್ತರ ಬರೆದಿಟ್ಟು ಡಾಕ್ಟರ್‌ಗೆ ತೋರಿಸಿ. ಸುಸ್ತಿಗೆ ಹಾರ್ಟ್ ಒಂದೇ ಕಾರಣ ಅಂತಲ್ಲ, ರಕ್ತ ಕಡಿಮೆ ಇದ್ದರೂ ಹೀಗೇ ಆಗುತ್ತದೆ. ಹಿಮೋಗ್ಲೋಬಿನ್ ರಿಪೋರ್ಟ್ ನಿಮ್ಮ ಪ್ರಶ್ನೆಯಲ್ಲಿ ಇಲ್ಲ, ಮಾಡಿಸಿಲ್ಲ ಅಂದರೆ ಮಾಡಿಸಿ. ಎಕೋ ಆಗಿಲ್ಲ ಅಂದರೆ ಅದನ್ನೂ ಕೇಳಿ.

ಲ್ಯಾಬಿನವನಾಗಿ ಒಂದು ಮಾತು. ಟ್ರೋಪೋನಿನ್ ಟಿ ಬೇರೆ, ಟ್ರೋಪೋನಿನ್ ಐ ಬೇರೆ. ಬಿಎನ್‌ಪಿ ಬೇರೆ, ಎನ್‌ಟಿ-ಪ್ರೊಬಿಎನ್‌ಪಿ ಬೇರೆ. ಒಂದರ ನಂಬರನ್ನು ಇನ್ನೊಂದರ ಜೊತೆ ಇಟ್ಟು ನೋಡಬೇಡಿ. ಯೂನಿಟ್ ಕೂಡ ನೋಡಿ. ಒಂದು ಕಡೆ 0.046 ಅಂತ, ಇನ್ನೊಂದು ಕಡೆ 46 ಅಂತ ಬಂದರೆ ಎರಡೂ ಒಂದೇ ಇರಬಹುದು. ಮೊದಲನೆಯದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಅಂತ, ಎರಡನೆಯದು ಲೀಟರಿಗೆ. ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ, ಎಲ್ಲ ರಿಪೋರ್ಟ್ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಇಡಿ. ಈಗ ಬಂದ 46 ಮತ್ತು 1,850 ಅಪ್ಪನ ಸ್ವಂತ ಗೆರೆ ಅಂದುಕೊಳ್ಳಿ. ಮುಂದೆ ಯಾವತ್ತಾದರೂ ರಾತ್ರಿ ಎಮರ್ಜೆನ್ಸಿಗೆ ಹೋದರೆ ಆ ಡಾಕ್ಟರ್‌ಗೆ ಈ ಹಾಳೆ ತುಂಬಾ ಕೆಲಸಕ್ಕೆ ಬರುತ್ತದೆ.

ಕ್ರಿಯಾಟಿನಿನ್ 2.8, ವಯಸ್ಸು 62 ಅಂದರೆ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಅನ್ನೋ ಅಂದಾಜು) ಸುಮಾರು 25 ಬರುತ್ತದೆ, ಅಂದರೆ ಕಿಡ್ನಿ ತೊಂದರೆಯ ನಾಲ್ಕನೇ ಹಂತ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಕಿಡ್ನಿಗೂ ಹಾರ್ಟಿಗೂ ಅನುಕೂಲ ಅಂತ 2020ರ ದೊಡ್ಡ ಪ್ರಯೋಗದಲ್ಲಿ ಕಂಡಿತು. ಇಜಿಎಫ್‌ಆರ್ 20ಕ್ಕಿಂತ ಮೇಲೆ ಇರುವಾಗ ಇದನ್ನು ಶುರು ಮಾಡುವ ಬಗ್ಗೆ ಯೋಚಿಸುತ್ತಾರೆ. ಹಾಗಾಗಿ ಮುಂದಿನ ಸಲ ಹೋದಾಗಲೇ ಕಿಡ್ನಿ ಡಾಕ್ಟರ್‌ರನ್ನು ಕೇಳಿ, ನೀವಾಗಿಯೇ ತಂದು ಕೊಡಬೇಡಿ.

ಊಟದಲ್ಲಿ ನಮ್ಮ ಕಡೆ ತೊಂದರೆ ಜೋಳದ ರೊಟ್ಟಿಯದಲ್ಲ, ಅದರ ಪಕ್ಕಕ್ಕೆ ಬರುವ ಉಪ್ಪಿನಕಾಯಿ, ರಂಜಕ, ಶೇಂಗಾ ಹಿಂಡಿ, ಹಪ್ಪಳದ್ದು. ಇಡೀ ದಿನಕ್ಕೆ ಉಪ್ಪು 5 ಗ್ರಾಂ ದಾಟಬಾರದು, ಅಂದರೆ ಒಂದು ಟೀ ಚಮಚ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪನ್ನು ಮಾತ್ರ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಈ ಹಂತದ ಕಿಡ್ನಿಗೆ ಅದು ಅಪಾಯ. ಮೊಣಕಾಲು ನೋವಿಗೆ ಅಂತ ಅಂಗಡಿಯಿಂದ ಡೈಕ್ಲೋಫೆನಾಕ್ ಥರದ ಮಾತ್ರೆ ನುಂಗುತ್ತಿದ್ದರೆ ಇವತ್ತೇ ನಿಲ್ಲಿಸಿ. ಬೆಳಗ್ಗೆ ಸಂಡಾಸಿಗೆ ಹೋಗಿ ಬಂದ ಮೇಲೆ, ತಿಂಡಿಗಿಂತ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ನೀರು, ಡಾಕ್ಟರ್‌ಗೆ ಫೋನ್ ಮಾಡಿ.

ಎದೆ ಹಿಡಿಯೋದು, ತಣ್ಣನೆ ಬೆವರು, ಇದ್ದಕ್ಕಿದ್ದಂತೆ ದಮ್ಮು ಕಂಡರೆ ಮೇಲಿನ ಯಾವ ಲೆಕ್ಕವನ್ನೂ ಹಾಕುತ್ತಾ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನ್ ಮಾಡಿ. ಅಪ್ಪನಿಗೆ ಶುಗರ್ ಇದ್ದರೆ ಎದೆನೋವೇ ಇಲ್ಲದೆ ಬರೀ ಸುಸ್ತಿನಲ್ಲೂ ಅಟ್ಯಾಕ್ ಆಗಬಹುದು.

ಹಳೆಯ ರಿಪೋರ್ಟ್ ಏನಾದರೂ ಇದ್ದರೆ ಟೆಸ್ಟಿನ ಪೂರ್ತಿ ಹೆಸರು, ನಂಬರ್, ಯೂನಿಟ್, ತಾರೀಖು ಇಷ್ಟು ಇಲ್ಲೇ ಬರೆಯಿರಿ. ಹೋಲಿಸಬಹುದಾ ಇಲ್ಲವಾ ಅಂತ ನೋಡಿ ಹೇಳುತ್ತೇನೆ.