ರೇಜರ್‌ಗೆ ಹೆದರಬೇಡಿ, ಆ ಟ್ಯೂಬ್‌ಗೆ ಹೆದರಿ

ದಾವಣಗೆರೆಯ 22ರ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಬರೆದಿದ್ದಾರೆ. ಗದ್ದ, ಮೇಲ್ದುಟಿಯ ಮೇಲೆ ಕಪ್ಪು ಕೂದಲು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ದಿನಾ ಬಚ್ಚಲಿನ ಬಾಗಿಲು ಹಾಕಿಕೊಂಡು ಪ್ಲಕರ್‌ನಲ್ಲಿ ಕೀಳುತ್ತಾರೆ. ರೇಜರ್ ಹಾಕಿದರೆ ಗಡ್ಡವೇ ಬರುತ್ತದೆ ಎಂದು ಅಮ್ಮನ ಭಯ. ಮೆಡಿಕಲ್ ಶಾಪಿನವರು ಬಿಳುಪಾಗಲು ಕೊಟ್ಟ ಟ್ಯೂಬನ್ನೂ ಹಚ್ಚುತ್ತಿದ್ದಾರೆ. ಗಂಡಿನ ಕಡೆಯವರು ಬರುವಷ್ಟರಲ್ಲಿ ಇದು ಹೋಗುತ್ತಾ ಎಂದು ಕೇಳಿದ್ದಾರೆ.

ತಂಗಿ, ಮುಟ್ಟಿನ ವಿಷಯ ನೀವು ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ. ನನಗೆ ಅದೇ ಮುಖ್ಯ ಅನ್ನಿಸಿತು. ಮುಟ್ಟು ಏರುಪೇರಾಗಿ ಮುಖದಲ್ಲೂ ಕೂದಲು ಬಂದರೆ ಹೆಚ್ಚಿನ ಸಲ ಕಾರಣ ಪಿಸಿಓಎಸ್ ಎಂಬ ಹಾರ್ಮೋನ್ ತೊಂದರೆ. ಜನ ಪಿಸಿಓಡಿ ಅಂತಾರಲ್ಲ, ಅದೇ. ಹೆಂಗಸರ ಮೈಯಲ್ಲೂ ಸ್ವಲ್ಪ ಗಂಡು ಹಾರ್ಮೋನ್ ಇದ್ದೇ ಇರುತ್ತದೆ. ಅದು ಜಾಸ್ತಿಯಾದರೆ ಮುಖದ ನವಿರು ಕೂದಲು ಒರಟಾಗಿ ಕಪ್ಪಾಗುತ್ತದೆ. ಹಾಗಾಗಿ ಪಾರ್ಲರ್‌ಗಿಂತ ಮೊದಲು ಹೆರಿಗೆ ಡಾಕ್ಟರ ಹತ್ತಿರ ಹೋಗಿ. ಹಾರ್ಮೋನ್, ಥೈರಾಯ್ಡ್, ಸಕ್ಕರೆಗೆ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಬೇಕಾದರೆ ಸ್ಕ್ಯಾನಿಂಗ್ ಕೂಡ. ಕೂದಲು ದಿಢೀರನೆ ಹೆಚ್ಚಿ ಧ್ವನಿಯೂ ಗಡುಸಾದರೆ ಒಂದು ದಿನವೂ ತಡ ಮಾಡಬಾರದು.

ರೇಜರ್ ಬಗ್ಗೆ ಅಮ್ಮನಿಗೆ ಧೈರ್ಯ ಹೇಳಿ. ಕೂದಲಿನ ಬೇರು ಚರ್ಮದೊಳಗಿದೆ, ಬ್ಲೇಡು ಅಲ್ಲಿಗೆ ಹೋಗುವುದೇ ಇಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಚುಚ್ಚುತ್ತದೆ, ಅಷ್ಟೇ. ಗುಳ್ಳೆ, ಕಪ್ಪು ಕಲೆ ಆಗುವುದು ಕಿತ್ತಾಗಲೇ ಜಾಸ್ತಿ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಆ ಟ್ಯೂಬಿನ ಮೇಲೆ. ಅದರ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್ ಅಥವಾ ಮೊಮೆಟಾಸೋನ್ ಎಂದು ಸಣ್ಣ ಅಕ್ಷರದಲ್ಲಿ ಇದೆಯಾ ನೋಡಿ. ಇವು ಸ್ಟೀರಾಯ್ಡ್. ಮೊದಲ ಕೆಲವು ವಾರ ಮುಖ ಬೆಳ್ಳಗೆ ಕಾಣುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಕೂದಲೂ ಹೆಚ್ಚುತ್ತದೆ! ಒಮ್ಮೆಲೇ ಬಿಟ್ಟರೆ ಮುಖ ಕೆಂಪಾಗಿ ಉರಿಯಬಹುದು. ಹೇಗೆ ಬಿಡಬೇಕು ಎಂದು ಚರ್ಮದ ಡಾಕ್ಟರನ್ನೇ ಕೇಳಿ.

ಲೇಸರ್ ಕೂಡ ಅವರ ಹತ್ತಿರವೇ ಮಾಡಿಸಿ. ಕಪ್ಪು ಕೂದಲಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ವಾರಗಟ್ಟಲೆ ಬಿಟ್ಟು ಬಿಟ್ಟು ಹಲವು ಸಲ ಹೋಗಬೇಕು. ಆಗ ಬೇರು ಉಳಿದಿರಬೇಕು, ಕೀಳಬಾರದು, ಶೇವ್ ಮಾಡಬಹುದು. ಹಾರ್ಮೋನ್ ಸರಿಹೋಗದಿದ್ದರೆ ಮತ್ತೆ ಹೊಸ ಕೂದಲು ಬರುತ್ತದೆ.

ಹಾರ್ಮೋನ್ ತೊಂದರೆಗೆ ಡಾಕ್ಟರು ಮಾತ್ರೆ ಕೊಟ್ಟರೆ ಕೂದಲಿನ ಮೇಲೆ ಅದರ ಗುಣ ಕಾಣಲು ಸುಮಾರು 6 ತಿಂಗಳು ಬೇಕು. ಗಂಡಿನ ಕಡೆಯವರು ಬರುವಷ್ಟರಲ್ಲಿ ಹೋಗದೆ ಇರಬಹುದು. ಮದುವೆ ಮಾತುಕತೆ ನಡೆಯುತ್ತಿದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಏಕೆಂದರೆ ಗಂಡು ಹಾರ್ಮೋನಿನ ಪ್ರಭಾವ ತಗ್ಗಿಸುವ ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಯನ್ನು ಗರ್ಭಿಣಿಯರು ತೆಗೆದುಕೊಳ್ಳುವಂತಿಲ್ಲ. ಹೋಗುವಾಗ ಆ ಟ್ಯೂಬು, ಮುಟ್ಟಾದ ತಾರೀಖು ಬರೆದ ಚೀಟಿ, ಎರಡನ್ನೂ ತೆಗೆದುಕೊಂಡು ಹೋಗಿ.