ಮೇಲ್ ಸರ್ವರ್ ಮೆಮೊರಿ ಯಾವಾಗಲೂ 92% ತೋರಿಸುತ್ತದೆ, ಮೇಲ್ ತಡವಾಗುತ್ತದೆ. ರ‍್ಯಾಮ್ ಹೆಚ್ಚಿಸಬೇಕೇ?

ದುಡ್ಡು ಕಟ್ಟುವ ಮುಂಚೆ ಒಂದು ನಿಮಿಷ ತಡೀರಿ. ನೀವು ಒಂದೇ ಪ್ರಶ್ನೆಯೊಳಗೆ ಎರಡು ವಿಷಯ ಸೇರಿಸಿದ್ದೀರಿ. 4 ಜಿಬಿಯ ಡೆಬಿಯನ್ ಲಿನಕ್ಸ್ ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್), ಅದರ ಮೇಲೆ ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸುವುದು), ಡವ್‌ಕಾಟ್ (ಬಳಕೆದಾರರಿಗೆ ಮೇಲ್ ತೆಗೆದುಕೊಡುವುದು), ಅಮಾವಿಸ್ (ಮೇಲ್‌ಗಳನ್ನು ಸ್ಕ್ಯಾನರ್‌ಗೆ ಕೊಟ್ಟು ಪರೀಕ್ಷಿಸುವುದು), ಕ್ಲ್ಯಾಮ್‌ಎವಿ (ವೈರಸ್ ಹುಡುಕುವುದು), ನಲವತ್ತು ಜನ ಬಳಕೆದಾರರು, ಗ್ರಾಫ್ ಸದಾ 92% ಎನ್ನುವುದು ಒಂದು. ದಿನಕ್ಕೊಮ್ಮೆ ಯಾವಾಗಲೋ ಮೇಲ್ ಅರ್ಧ ಗಂಟೆ ತಡವಾಗುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದು ಬಹುಶಃ ತೊಂದರೆಯೇ ಅಲ್ಲ. ಎರಡನೆಯದು ನಿಜವಾದ ತೊಂದರೆ, ಆದರೆ ಆ 92%ಗೂ ಅದಕ್ಕೂ ನೇರ ಸಂಬಂಧ ಇರಲಿಕ್ಕಿಲ್ಲ.

‘ಫ್ರೀ -ಎಮ್’ ಓಡಿಸಿ. ‘ಯೂಸ್ಡ್’, ‘ಫ್ರೀ’ ಎರಡನ್ನೂ ಬಿಟ್ಟು ಕೊನೆಯ ಕಾಲಂ ‘ಅವೈಲಬಲ್’ ಮಾತ್ರ ನೋಡಿ. ಡವ್‌ಕಾಟ್ ಓದಿದ ಪ್ರತಿ ಮೇಲ್ ಫೈಲನ್ನೂ ಲಿನಕ್ಸ್ ಕರ್ನಲ್ (ವ್ಯವಸ್ಥೆಯ ತಿರುಳು) ಖಾಲಿ ಇರುವ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ, ಮತ್ತೆ ಕೇಳಿದಾಗ ಡಿಸ್ಕ್‌ವರೆಗೆ ಹೋಗುವುದು ಬೇಡ ಅಂತ. ಬೇರೆ ಯಾರಿಗಾದರೂ ಜಾಗ ಬೇಕಾದ ತಕ್ಷಣ ಬಿಟ್ಟುಕೊಡುತ್ತದೆ. ಹಾಗೆ ಬಿಟ್ಟುಕೊಡಬಹುದಾದದ್ದನ್ನೂ ಸೇರಿಸಿ ಅಂದಾಜು ಹೇಳುವುದೇ ‘ಅವೈಲಬಲ್’. 2014ರಲ್ಲಿ ಬಂದ 3.14 ಕರ್ನಲ್‌ನಿಂದ ಈ ಲೆಕ್ಕವನ್ನು ಕರ್ನಲ್ಲೇ ಕೊಡುತ್ತದೆ. ಆದರೂ ಕೆಲವು ಮಾನಿಟರಿಂಗ್ ಟೂಲ್‌ಗಳು ಇವತ್ತಿಗೂ ಒಟ್ಟು ರ‍್ಯಾಮ್‌ನಿಂದ ‘ಫ್ರೀ’ ಕಳೆದು ಶೇಕಡಾ ತೋರಿಸುತ್ತವೆ. ಅವೈಲಬಲ್ ಸಾವಿರ ಎಂಬಿ ಆಸುಪಾಸು ಇದ್ದು, ‘ವಿಎಂಸ್ಟ್ಯಾಟ್ 1’ರಲ್ಲಿ ‘ಎಸ್‌ಐ’, ‘ಎಸ್‌ಒ’ ಕಾಲಂಗಳು (ಸ್ವಾಪ್, ಅಂದರೆ ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ, ಅದರಿಂದ ಒಳಗೆ, ಅದಕ್ಕೆ ಹೊರಗೆ ಹೋದದ್ದು) ಸೊನ್ನೆಯಲ್ಲೇ ಇದ್ದರೆ 92% ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ಗಂಟೆಗೊಮ್ಮೆ ಕ್ಯಾಶ್ (ಕರ್ನಲ್ ಹೀಗೆ ಇಟ್ಟುಕೊಂಡದ್ದು) ಖಾಲಿ ಮಾಡುವ ಕ್ರಾನ್ ಜಾಬ್ ಹಾಕಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಗ್ರಾಫ್ ಚೆಂದ ಕಾಣುತ್ತದೆ, ಡಿಸ್ಕ್ ಒದ್ದಾಡುತ್ತದೆ, ಅಷ್ಟೇ.

ಈಗ ಮೇಲ್ ತಡವಾಗುವುದಕ್ಕೆ ಬರೋಣ. ‘ಜರ್ನಲ್‌ಸಿಟಿಎಲ್ -ಕೆ’ ಔಟ್‌ಪುಟ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಅಂತ ಹುಡುಕಿ. ಆ ಸಾಲಿನಲ್ಲಿ ‘ಕ್ಲ್ಯಾಮ್‌ಡಿ’ (ಕ್ಲ್ಯಾಮ್‌ಎವಿಯ ಸದಾ ಓಡುತ್ತಿರುವ ಪ್ರೋಸೆಸ್) ಹೆಸರು ಸಿಗುತ್ತದೆ ಅಂತ ನನ್ನ ಊಹೆ. ಯಾಕೆಂದರೆ ಇದೇ ಜೋಡಣೆ, ಇದೇ 4 ಜಿಬಿ, ಇದೇ ದಿನಕ್ಕೊಮ್ಮೆಯ ತೊಂದರೆಯನ್ನು ನಾನೂ ಅನುಭವಿಸಿದ್ದೇನೆ. ನಾನು ನೋಡಿಕೊಳ್ಳುತ್ತಿದ್ದ ಸಣ್ಣ ಕಚೇರಿಯೊಂದರ ಸರ್ವರ್ ಅದು. ಮೂರು ವಾರ ಡವ್‌ಕಾಟ್ ಮೇಲೇ ಅನುಮಾನ ಪಟ್ಟೆ. ‘ಪಿಎಸ್’ (ಓಡುತ್ತಿರುವ ಪ್ರೋಸೆಸ್‌ಗಳನ್ನು ತೋರಿಸುವ ಕಮಾಂಡ್) ಪಟ್ಟಿಯ ತುಂಬ ಡವ್‌ಕಾಟ್‌ನ ‘ಐಮ್ಯಾಪ್’ (ಮೇಲ್ ಓದುವ ಸಂಪರ್ಕದ) ಪ್ರೋಸೆಸ್‌ಗಳೇ ಕಾಣುತ್ತಿದ್ದವಲ್ಲ! ಸಂಪರ್ಕಗಳ ಮಿತಿ ಇಳಿಸಿದೆ, ಬಳಕೆದಾರರಿಂದ ಬೈಸಿಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ.

ನಡೆಯುತ್ತಿದ್ದದ್ದು ಇಷ್ಟು. ಕ್ಲ್ಯಾಮ್‌ಡಿ ಲಕ್ಷಗಟ್ಟಲೆ ವೈರಸ್ ಸಿಗ್ನೇಚರ್‌ಗಳನ್ನು (ವೈರಸ್ ಗುರುತು ಹಿಡಿಯುವ ಮಾದರಿಗಳನ್ನು) ಪೂರ್ತಿಯಾಗಿ ರ‍್ಯಾಮ್‌ನಲ್ಲಿ ಇಟ್ಟುಕೊಂಡು ಕೂರುತ್ತದೆ. ಒಂದೂ ಮೇಲ್ ಬರದಿದ್ದರೂ ಅದಕ್ಕೆ 1 ಜಿಬಿಗಿಂತ ಹೆಚ್ಚು ಬೇಕು. ದಿನದ ಸಿಗ್ನೇಚರ್ ಅಪ್‌ಡೇಟ್ ಬಂದಾಗ ಫ್ರೆಶ್‌ಕ್ಲ್ಯಾಮ್ ಅದನ್ನು ಇಳಿಸಿಕೊಂಡು, ಸರಿ ಇದೆಯೇ ಅಂತ ತಾನೂ ಒಮ್ಮೆ ಮೆಮೊರಿಗೆ ಹಾಕಿ ನೋಡಿ, ಆಮೇಲೆ ಕ್ಲ್ಯಾಮ್‌ಡಿಗೆ ತಿಳಿಸುತ್ತದೆ. 2020ರ 0.103 ಆವೃತ್ತಿಯಿಂದ ಕ್ಲ್ಯಾಮ್‌ಡಿ ಹಳೆಯದನ್ನು ಇಟ್ಟುಕೊಂಡೇ ಹೊಸದನ್ನು ಪಕ್ಕದಲ್ಲಿ ಲೋಡ್ ಮಾಡುತ್ತದೆ, ಸ್ಕ್ಯಾನಿಂಗ್ ನಿಲ್ಲಬಾರದು ಎಂಬ ಒಳ್ಳೆಯ ಉದ್ದೇಶದಿಂದ. ಹಾಗಾಗಿ ಸ್ವಲ್ಪ ಹೊತ್ತು ಅದರ ಮೆಮೊರಿ ಸರಿಸುಮಾರು ಎರಡು ಪಟ್ಟಾಗುತ್ತದೆ. ಸ್ವಾಪ್ ಇಲ್ಲದ 4 ಜಿಬಿ ಯಂತ್ರ ಆ ಹೊತ್ತಿನಲ್ಲಿ ಉಸಿರು ಕಟ್ಟುತ್ತದೆ. ಆಗ ಕರ್ನಲ್ ಯಾರನ್ನು ಕೊಲ್ಲುತ್ತದೆ? ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದವರನ್ನು, ಅಂದರೆ ಕ್ಲ್ಯಾಮ್‌ಡಿಯನ್ನೇ.

ಅಲ್ಲಿಗೇ ನಿಂತಿದ್ದರೆ ಪರವಾಗಿರಲಿಲ್ಲ. ಅಮಾವಿಸ್ ಕಾನ್ಫಿಗ್‌ನಲ್ಲಿ ‘ಎವಿ ಸ್ಕ್ಯಾನರ್ಸ್ ಬ್ಯಾಕಪ್’ ಅಂತ ಒಂದು ಪಟ್ಟಿ ಇದೆ, ಅದರಲ್ಲಿ ‘ಕ್ಲ್ಯಾಮ್‌ಸ್ಕ್ಯಾನ್’ ಇರುತ್ತದೆ. ಕ್ಲ್ಯಾಮ್‌ಡಿ ಉತ್ತರ ಕೊಡದಿದ್ದರೆ ಅಮಾವಿಸ್ ಪ್ರತಿ ಮೇಲ್‌ಗೂ ಹೊಸದಾಗಿ ಕ್ಲ್ಯಾಮ್‌ಸ್ಕ್ಯಾನ್ ಓಡಿಸುತ್ತದೆ. ಅದು ಪ್ರತಿ ಸಲವೂ ಅಷ್ಟೂ ಸಿಗ್ನೇಚರ್‌ಗಳನ್ನು ಮೊದಲಿನಿಂದ ಲೋಡ್ ಮಾಡುತ್ತದೆ. ಒಂದು ಸಾಲಿನ ಮೇಲ್ ಪರೀಕ್ಷಿಸಲಿಕ್ಕೂ ಮತ್ತೆ 1 ಜಿಬಿ! ಅಮಾವಿಸ್‌ನ ಇಬ್ಬರು ಮಕ್ಕಳು (ಅಂದರೆ ಅದು ಹುಟ್ಟಿಸಿದ ಪ್ರೋಸೆಸ್‌ಗಳು) ಒಟ್ಟಿಗೆ ಇದನ್ನು ಮಾಡಿದರೆ 2 ಜಿಬಿ. ಅಷ್ಟರಲ್ಲಿ ಕ್ಲ್ಯಾಮ್‌ಡಿ ಮತ್ತೆ ಏಳಲು ನೋಡಿದರೂ ಅದಕ್ಕೆ ಜಾಗ ಇಲ್ಲ. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇದಕ್ಕೇ. ಕೊನೆಗೆ ಅಮಾವಿಸ್ ಕೈಚೆಲ್ಲಿ 451 ಎಂಬ ತಾತ್ಕಾಲಿಕ ದೋಷ ಹೇಳುತ್ತದೆ, ಪೋಸ್ಟ್‌ಫಿಕ್ಸ್ ಮೇಲ್ ಅನ್ನು ‘ಡಿಫರ್ಡ್’ ಕ್ಯೂಗೆ ಹಾಕುತ್ತದೆ. ಮರುಪ್ರಯತ್ನ ಮೊದಲು 300 ಸೆಕೆಂಡಿಗೆ, ಆಮೇಲೆ ಅಂತರ ಬೆಳೆಯುತ್ತಾ 4000 ಸೆಕೆಂಡಿನವರೆಗೆ ಹೋಗುತ್ತದೆ. ನಿಮ್ಮ ಅರ್ಧ ಗಂಟೆ ಇಲ್ಲಿಂದ ಬಂದದ್ದು. ಮೇಲ್ ಕಳೆದುಹೋಗಿಲ್ಲ, ಸರದಿಯಲ್ಲಿ ಕೂತಿದೆ. ಮೇಲ್ ಲಾಗ್‌ನಲ್ಲಿ ‘ಆಲ್ ವೈರಸ್ ಸ್ಕ್ಯಾನರ್ಸ್ ಫೇಲ್ಡ್’ ಅಂತ ಕಂಡರೆ ನನ್ನ ಊಹೆ ಸರಿ.

ಮಾಡಬೇಕಾದ್ದು: ಮೊದಲು ಆ ಬ್ಯಾಕಪ್ ಪಟ್ಟಿಯ ಕ್ಲ್ಯಾಮ್‌ಸ್ಕ್ಯಾನ್ ಭಾಗವನ್ನು ಕಾಮೆಂಟ್ ಮಾಡಿ (ಅಂದರೆ ಅಳಿಸದೆ ನಿಷ್ಕ್ರಿಯಗೊಳಿಸಿ). ಕ್ಲ್ಯಾಮ್‌ಡಿ ಇಲ್ಲದ ಹೊತ್ತಲ್ಲಿ ಮೇಲ್ ಐದು ನಿಮಿಷ ಕಾಯಲಿ, ಆಕಾಶ ಬೀಳುವುದಿಲ್ಲ. ನಂತರ ಕ್ಲ್ಯಾಮ್‌ಡಿ ಕಾನ್ಫಿಗ್‌ನಲ್ಲಿ ‘ಕನ್‌ಕರಂಟ್ ಡೇಟಾಬೇಸ್ ರೀಲೋಡ್’ ಎಂಬುದನ್ನು ‘ನೋ’ ಮಾಡಿ (ಮೂರೂ ಪದ ಸೇರಿಸಿ ಬರೆಯಬೇಕು). ರೀಲೋಡ್ ಆಗುವಷ್ಟು ಹೊತ್ತು ಸ್ಕ್ಯಾನಿಂಗ್ ನಿಲ್ಲುತ್ತದೆ, ಆದರೆ ಎರಡು ಪಟ್ಟು ಮೆಮೊರಿಯ ಗೋಜಿಲ್ಲ. ಈ ಕ್ರಮ ಮುಖ್ಯ: ಬ್ಯಾಕಪ್ ತೆಗೆಯದೆ ಇದನ್ನಷ್ಟೇ ಮಾಡಿದರೆ, ರೀಲೋಡ್ ನಿಧಾನವಾದ ದಿನ ಅಮಾವಿಸ್ ಕಾದು ಸುಸ್ತಾಗಿ ಮತ್ತೆ ಕ್ಲ್ಯಾಮ್‌ಸ್ಕ್ಯಾನ್ ಕರೆದೀತು. ಜೊತೆಗೆ 2 ಜಿಬಿ ಸ್ವಾಪ್ ಫೈಲ್ ಇಡಿ. ಸರ್ವರ್‌ಗೆ ಸ್ವಾಪ್ ಬೇಡ ಅನ್ನುವ ವಾದ ನಾನೂ ಕೇಳಿದ್ದೇನೆ, ಸಣ್ಣ ವಿಪಿಎಸ್‌ಗೆ ಅದು ಒಪ್ಪುವುದಿಲ್ಲ.

ಅಮಾವಿಸ್‌ನ ‘ಮ್ಯಾಕ್ಸ್ ಸರ್ವರ್ಸ್’ (ಒಟ್ಟಿಗೆ ಎಷ್ಟು ಮಕ್ಕಳು) ಡೀಫಾಲ್ಟ್ 2. ನಲವತ್ತು ಜನಕ್ಕೆ ಅಷ್ಟೇ ಸಾಕು. ಯಾರೋ ಅದನ್ನು 10 ಮಾಡಿದ್ದರೆ ಇಳಿಸಿ, ಯಾಕೆಂದರೆ ಪ್ರತಿಯೊಂದು ಮಗುವೂ ಸ್ಪ್ಯಾಮ್‌ಅಸಾಸಿನ್ (ಸ್ಪ್ಯಾಮ್ ಪತ್ತೆ ಮಾಡುವ ತಂತ್ರಾಂಶ) ನಿಯಮಗಳನ್ನು ಹೊತ್ತುಕೊಂಡೇ ಓಡಾಡುತ್ತದೆ. ಪೋಸ್ಟ್‌ಫಿಕ್ಸ್‌ನ ‘ಮಾಸ್ಟರ್’ ಫೈಲ್‌ನಲ್ಲಿ ಅಮಾವಿಸ್‌ಗೆ ಕಳಿಸುವ ಸಾಲಿನ ಪ್ರೋಸೆಸ್ ಸಂಖ್ಯೆಯೂ ಅದೇ ಇರಲಿ. ಹಾಗೇ, ಅಮಾವಿಸ್‌ನ ತಾತ್ಕಾಲಿಕ ಫೋಲ್ಡರನ್ನು ವೇಗಕ್ಕೆಂದು ಟಿಎಂಪಿಎಫ್‌ಎಸ್ ಮೇಲೆ ಇಟ್ಟಿದ್ದರೆ ಅದೂ ರ‍್ಯಾಮೇ ಎಂಬುದು ನೆನಪಿರಲಿ.

ಇನ್ನು ಡವ್‌ಕಾಟ್ ಬಗ್ಗೆ ಒಂದು ಮಾತು. ಒಂದು ಥಂಡರ್‌ಬರ್ಡ್ (ಮೇಲ್ ಓದುವ ತಂತ್ರಾಂಶ) ಡೀಫಾಲ್ಟ್ ಆಗಿ ಒಂದು ಅಕೌಂಟಿಗೆ 5 ಸಂಪರ್ಕದವರೆಗೆ ತೆರೆಯುತ್ತದೆ, ಮೇಲೆ ಫೋನ್ ಬೇರೆ. ನೂರೈವತ್ತು, ಇನ್ನೂರು ‘ಐಮ್ಯಾಪ್’ ಪ್ರೋಸೆಸ್ ಕಂಡರೆ ಆಶ್ಚರ್ಯವಿಲ್ಲ. ‘ಪಿಎಸ್’ ತೋರಿಸುವ ಆರ್‌ಎಸ್‌ಎಸ್ (ಪ್ರತಿ ಪ್ರೋಸೆಸ್ ರ‍್ಯಾಮ್‌ನಲ್ಲಿ ಹಿಡಿದ ಜಾಗ) ಅಂಕಿಗಳನ್ನು ಕೂಡಿಸಬೇಡಿ. ಹಂಚಿಕೊಂಡ ಲೈಬ್ರರಿಗಳು ಅಲ್ಲಿ ಪ್ರತಿಯೊಬ್ಬರ ಲೆಕ್ಕದಲ್ಲೂ ಬರುತ್ತವೆ. ‘ಸ್ಮೆಮ್’ ಟೂಲ್ ಹಾಕಿಕೊಂಡು ಪಿಎಸ್‌ಎಸ್ (ಹಂಚಿಕೊಂಡದ್ದನ್ನು ಪಾಲು ಮಾಡಿ ಲೆಕ್ಕ ಹಾಕಿದ ಜಾಗ) ಕಾಲಂ ನೋಡಿದರೆ ನಿಜ ತಿಳಿಯುತ್ತದೆ.

ಕ್ಯೂ ಮಾತ್ರ ಎಂದೂ ಇಲ್ಲದಷ್ಟು ಉದ್ದ ಇದ್ದರೆ ಮೇಲಿನದ್ದೆಲ್ಲ ಪಕ್ಕಕ್ಕಿಡಿ. ಯಾರದೋ ಪಾಸ್‌ವರ್ಡ್ ಕದ್ದು ಸ್ಪ್ಯಾಮ್ ಕಳಿಸುತ್ತಿರಬಹುದು. ಲಾಗ್‌ನಲ್ಲಿ ಲಾಗಿನ್ ಆದ ಹೆಸರುಗಳನ್ನು ಎಣಿಸಿ, ಒಂದೇ ಹೆಸರು ಸಾವಿರ ಸಲ ಬಂದಿದ್ದರೆ ಆ ಖಾತೆ ಮೊದಲು ಮುಚ್ಚಿ.

ಇಷ್ಟು ಮಾಡಿಯೂ ಔಟ್ ಆಫ್ ಮೆಮೊರಿ ಬಂದರೆ ಆಗ 8 ಜಿಬಿಗೆ ಹೋಗಿ. ಅದಕ್ಕೂ ಮುಂಚೆ, ಆ ಕರ್ನಲ್ ಸಾಲನ್ನು ಸಮಯದ ಸಮೇತ ಇಲ್ಲಿ ಹಾಕಿ. ಫ್ರೆಶ್‌ಕ್ಲ್ಯಾಮ್ ಲಾಗ್‌ನ ಸಮಯವೂ ಅದೂ ತಾಳೆಯಾಗುತ್ತದೆಯೇ ನೋಡೋಣ.