ಕರ್ತವ್ಯ ಮೀರಿ ಆರೈಕೆ ಮಾಡಿದ ನರ್ಸ್‌ಗೆ ಗೌರವ ಸಲ್ಲಿಸುವುದು ಹೇಗೆ?

ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡಿದ್ದ ನಿಮ್ಮ ತಂದೆಯವರನ್ನು ಮುಂಬಯಿಯ ಪಾಲಿಕೆ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಸಿಸ್ಟರ್ ಒಬ್ಬರು ಸ್ವಂತ ಮಗಳಂತೆ ನೋಡಿಕೊಂಡರೆಂದು ಬರೆದಿದ್ದೀರಿ. ಅವರಿಗೆ ಬಂಗಾರದ ಉಂಗುರ ಕೊಡುವುದೋ, ಮನೆಮಂದಿಯೆಲ್ಲ ಹೋಗಿ ಶಾಲು ಹೊದಿಸಿ ಸನ್ಮಾನಿಸುವುದೋ ಎಂದು ಕೇಳಿದ್ದೀರಿ. ನಾನು ಇದೇ ಊರಿನ ಪಾಲಿಕೆ ಆಸ್ಪತ್ರೆಯೊಂದರಲ್ಲಿ ಬಹುಕಾಲ ಸ್ಟಾಫ್ ನರ್ಸ್ ಆಗಿ, ಕೊನೆಯ ವರ್ಷಗಳಲ್ಲಿ ವಾರ್ಡಿನ ಸಿಸ್ಟರ್ ಇನ್‌ಚಾರ್ಜ್ ಆಗಿ ದುಡಿದು ನಿವೃತ್ತಳಾದವಳು. ಉಂಗುರ ಖಂಡಿತ ಬೇಡ. ಶಾಲಿನ ವಿಚಾರ ಆಮೇಲೆ ನೋಡಿದರಾಯಿತು. ಮೊದಲು ಆಸ್ಪತ್ರೆಯ ಮೇಟ್ರನ್, ಅಂದರೆ ನರ್ಸ್‌ಗಳ ಮುಖ್ಯಸ್ಥೆ, ಅವರ ಹೆಸರಿಗೆ ಒಂದು ಪತ್ರ ಬರೆಯಿರಿ.

ಪಾಲಿಕೆಯ ನರ್ಸ್ ಎಂದರೆ ಸಾರ್ವಜನಿಕ ಸೇವಕಿ. ರೋಗಿಯ ಕಡೆಯವರಿಂದ ಬೆಲೆಬಾಳುವ ವಸ್ತು ಪಡೆದರೆಂದು ಯಾರಾದರೂ ಒಂದು ಸಾಲು ದೂರು ಕೊಟ್ಟರೂ ಸಾಕು, ನೀವು ಪ್ರೀತಿಯಿಂದ ಕೊಟ್ಟದ್ದಕ್ಕೆ ಆಕೆ ವಿವರಣೆ ಕೊಡುತ್ತ ಅಲೆಯಬೇಕಾಗುತ್ತದೆ. ಸಿಹಿ ಹಂಚುವ ಮನಸ್ಸಿದ್ದರೆ ಆಯಾಬಾಯಿ, ವಾರ್ಡ್‌ಬಾಯ್‌ಗಳನ್ನೂ ಸೇರಿಸಿಕೊಂಡು ಇಡೀ ವಾರ್ಡಿಗೆ ಹಂಚಿ.

ಇನ್ನು ಪತ್ರದ ಮಾತು. 'ತುಂಬಾ ಒಳ್ಳೆಯವರು, ದೇವರಂಥವರು' ಎಂಬ ಪತ್ರಗಳು ಮೇಟ್ರನ್ ಕಚೇರಿಗೆ ಬರುತ್ತಲೇ ಇರುತ್ತವೆ; ಓದಿದವರಿಗೆ ಸಂತೋಷವಾಗುತ್ತದೆ, ಆದರೆ ಬಡ್ತಿಯ ಅಥವಾ ಪ್ರಶಸ್ತಿಯ ಸಮಯದಲ್ಲಿ ಅವುಗಳಿಂದ ಎತ್ತಿ ಹೇಳಬಹುದಾದದ್ದು ಏನೂ ಇರುವುದಿಲ್ಲ. ನಿಮ್ಮ ಪ್ರಶ್ನೆಯಲ್ಲಿಯೇ ಅದಕ್ಕಿಂತ ಎಷ್ಟೋ ಬೆಲೆಯುಳ್ಳ ಸಂಗತಿಯಿದೆ. ತಂದೆಯವರಿಗೆ ನೀರು ಕುಡಿಸುತ್ತಿದ್ದಾಗ ಅವರು ಕೆಮ್ಮಿದ್ದನ್ನು ದೂರದಿಂದಲೇ ಗಮನಿಸಿದ ಆ ಸಿಸ್ಟರ್ ಲೋಟವನ್ನು ತೆಗೆಸಿ, ಡಾಕ್ಟರನ್ನು ಕರೆಸಿದರು. ಮರುದಿನದಿಂದ ತಾವೇ ಅವರನ್ನು ನೆಟ್ಟಗೆ ಕೂರಿಸಿ ಗಟ್ಟಿ ಗಂಜಿಯನ್ನು ಚಮಚ ಚಮಚವಾಗಿ ಉಣಿಸಿದರು. ಪಾಳಿ ಮುಗಿದ ಮೇಲೂ ನಿಂತು ನಿಮ್ಮ ತಾಯಿಯವರಿಗೆ ಅದನ್ನು ಕಲಿಸಿದರು. ಇದು ಬರಿಯ ಕರುಣೆಯಲ್ಲ, ನುರಿತ ಕಣ್ಣಿನ ಕೆಲಸ. ಪಾರ್ಶ್ವವಾಯುವಾದವರಲ್ಲಿ ನುಂಗುವ ಶಕ್ತಿ ಕುಂದಿರುವುದು ಸಾಮಾನ್ಯ; ನೀರು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆದರೆ, ಮೆದುಳಿನ ಆಘಾತದಿಂದ ಪಾರಾದ ರೋಗಿಯೂ ಕೈತಪ್ಪಿ ಹೋಗಬಹುದು. ಆದ್ದರಿಂದ ಯಾವ ವಾರ್ಡು, ಯಾವ ರಾತ್ರಿ, ಅವರು ಏನನ್ನು ಗಮನಿಸಿದರು, ಏನು ಮಾಡಿದರು, ಅದರಿಂದ ಏನಾಯಿತು ಎಂಬುದನ್ನು ಹೀಗೆಯೇ ಬರೆಯಿರಿ.

ವಿವರಕ್ಕೆ ಎಂಥ ಶಕ್ತಿಯಿದೆ ಎನ್ನುವುದಕ್ಕೆ ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ನರ್ಸ್‌ಗಳನ್ನೇ ನೆನೆಯಬಹುದು. ನಮ್ಮ ಉತ್ತರ ಕನ್ನಡದ ಹಳದೀಪುರದಿಂದ ಬಂದು ಅಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ ಅವರು 1973ರ ನವೆಂಬರ್‌ನಲ್ಲಿ ಆಸ್ಪತ್ರೆಯೊಳಗೇ ನಡೆದ ಘೋರ ಹಲ್ಲೆಯಿಂದ ಹಾಸಿಗೆ ಹಿಡಿದರು. 2015ರ ಮೇ 18ರಂದು ತೀರಿಕೊಳ್ಳುವ ತನಕ ಅವರನ್ನು ತಲೆಮಾರಿನಿಂದ ತಲೆಮಾರಿಗೆ ಅಲ್ಲಿನ ನರ್ಸ್‌ಗಳೇ ನೋಡಿಕೊಂಡರು. ಅವರಿಗೆ ದಯಾಮರಣ ಕೋರಿದ್ದ ಅರ್ಜಿಯ ಮೇಲಿನ 2011ರ ಮಾರ್ಚ್ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಆ ಸಿಬ್ಬಂದಿಯನ್ನು ಮನಸಾರೆ ಹೊಗಳಿತು. ಅಷ್ಟು ವರ್ಷ ಮಲಗಿದಲ್ಲೇ ಇದ್ದ ದೇಹದಲ್ಲಿ ಒಂದೇ ಒಂದು ಹಾಸಿಗೆಹುಣ್ಣು ಆಗಿರಲಿಲ್ಲವೆಂಬುದು ಆ ತೀರ್ಪಿನಲ್ಲಿ ದಾಖಲಾಗಿದೆ. ಹಗಲೂ ರಾತ್ರಿಯೂ ಮಗ್ಗುಲು ಬದಲಿಸಿ, ಮೈ ಒರೆಸಿ, ಬಟ್ಟೆ ಒಣಗಿರುವಂತೆ ನೋಡಿಕೊಂಡ ಲೆಕ್ಕವಿಲ್ಲದಷ್ಟು ಕೈಗಳ ಶ್ರಮ ಆ ಒಂದು ಮಾತಿನಲ್ಲಿದೆ. ಅದನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ.

ಮಗ್ಗುಲು ಬದಲಿಸುವುದು ಕರ್ತವ್ಯವೇ ತಾನೇ ಎಂದು ಕೆಲವರು ಕೇಳುತ್ತಾರೆ. ಹೌದು. ಆದರೆ ಬೋಧನಾ ಆಸ್ಪತ್ರೆಗಳ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡ. ತುಂಬಿದ ವಾರ್ಡಿಗೆಲ್ಲ ಇಬ್ಬರೇ ಇದ್ದ ರಾತ್ರಿಗಳನ್ನು ನಾನು ಕಂಡಿದ್ದೇನೆ. ಅಂಥಲ್ಲಿ ಕರ್ತವ್ಯವನ್ನು ಪೂರ್ತಿಯಾಗಿ ಮಾಡುವುದೇ ಕರ್ತವ್ಯವನ್ನು ಮೀರುವುದು. ಆ ರಾತ್ರಿ ಎಷ್ಟು ಮಂದಿ ರೋಗಿಗಳಿದ್ದರು, ಎಷ್ಟು ಮಂದಿ ಸಿಸ್ಟರ್‌ಗಳಿದ್ದರು ಎಂಬುದು ನೆನಪಿದ್ದರೆ ಅದನ್ನೂ ಸೇರಿಸಿ. ಸಿಬ್ಬಂದಿ ಹೆಚ್ಚಿಸಬೇಕೆಂದು ಕೇಳುವವರಿಗೆ ಅದು ಆಧಾರವಾಗುತ್ತದೆ.

ಒಂದೆರಡು ಎಚ್ಚರಿಕೆಗಳನ್ನು ಹೇಳಲೇಬೇಕು. 'ಉಳಿದವರು ಯಾರೂ ತಿರುಗಿ ನೋಡಲಿಲ್ಲ, ಇವರೊಬ್ಬರೇ ನೋಡಿದರು' ಎಂದು ದಯವಿಟ್ಟು ಬರೆಯಬೇಡಿ. ಆಕೆ ನಾಳೆ ಅದೇ ಸಹೋದ್ಯೋಗಿಗಳ ಜೊತೆ ಅದೇ ವಾರ್ಡಿನಲ್ಲಿ ಕೆಲಸ ಮಾಡಬೇಕು. ಸ್ವಂತ ಹಣದಿಂದ ಔಷಧಿ ತಂದುಕೊಟ್ಟಂಥ, ಭೇಟಿಯ ಸಮಯ ಮುಗಿದ ಮೇಲೂ ನಿಮ್ಮನ್ನು ಒಳಗೆ ಬಿಟ್ಟಂಥ ಸಂಗತಿಗಳಿದ್ದರೆ ಮೊದಲು ಅವರನ್ನೇ ಕೇಳಿ. ನಿಮಗೆ ಉಪಕಾರವಾಗಿ ಕಂಡದ್ದು ಕಚೇರಿಯ ಕಣ್ಣಿಗೆ ನಿಯಮಭಂಗವಾಗಿ ಕಾಣಬಹುದು. ಮುಂಬಯಿಯ ಕನ್ನಡ ಪತ್ರಿಕೆಗೆ ಬರೆಯುವ ಯೋಚನೆಯಿದ್ದರೂ ಅವರ ಒಪ್ಪಿಗೆ ಪಡೆದೇ ಬರೆಯಿರಿ.

ದೊಡ್ಡ ಪ್ರಶಸ್ತಿಗಳ ಬಗ್ಗೆಯೂ ಕೇಳಿದ್ದೀರಿ. ಕೇಂದ್ರ ಆರೋಗ್ಯ ಸಚಿವಾಲಯವು 1973ರಲ್ಲಿ ಆರಂಭಿಸಿದ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿಯನ್ನು ರಾಷ್ಟ್ರಪತಿಗಳು ಪ್ರದಾನ ಮಾಡುತ್ತಾರೆ. ಒಂದು ರಾತ್ರಿಯ ಕೆಲಸಕ್ಕೆ ಸಿಗುವಂಥದಲ್ಲ ಅದು, ಇಡೀ ಸೇವಾವಧಿಯನ್ನು ನೋಡುತ್ತಾರೆ. ಆದರೂ ಅಂಥ ಕಡತವನ್ನು ಸಿದ್ಧಪಡಿಸುವ ದಿನ ರೋಗಿಯ ಕಡೆಯವರ ಒಂದು ಖಚಿತವಾದ ಪತ್ರ ಕೈಗೆ ಸಿಕ್ಕರೆ ಮೇಟ್ರನ್‌ಗೆ ಎಷ್ಟು ಸಮಾಧಾನವೆಂಬುದು ನನಗೆ ಗೊತ್ತು. ಇನ್ನು ಶಾಲು ಹೊದಿಸುವ ಆಸೆಯಿದ್ದರೆ, ಮೇ 12ರ ಅಂತರರಾಷ್ಟ್ರೀಯ ದಾದಿಯರ ದಿನದಂದು ಮೇಟ್ರನ್ ಅವರ ಅನುಮತಿ ಕೇಳಿ, ಅವರ ಎದುರಿನಲ್ಲಿಯೇ ಹೊದಿಸಿ.

ಪತ್ರವನ್ನು ಮರಾಠಿಯಲ್ಲಿ ಬರೆಯುವುದು ಒಳ್ಳೆಯದು. ನಿಮಗೆ ಕಷ್ಟವಾದರೆ ಇಲ್ಲಿಯ ಶಾಲೆಯಲ್ಲಿ ಓದಿದ ಮಕ್ಕಳಿಂದ ಬರೆಸಿ. ತಂದೆಯವರ ಕೇಸ್‌ಪೇಪರಿನ ನಂಬರು, ದಾಖಲಾದ ಮತ್ತು ಡಿಸ್‌ಚಾರ್ಜ್ ಆದ ದಿನಾಂಕಗಳು ಮೇಲ್ಭಾಗದಲ್ಲಿರಲಿ. ಒಂದು ಪ್ರತಿ ಮೇಟ್ರನ್‌ಗೆ, ಒಂದು ಡೀನ್ ಅಥವಾ ವೈದ್ಯಕೀಯ ಅಧೀಕ್ಷಕರಿಗೆ. ಎರಡನ್ನೂ ಪತ್ರಗಳನ್ನು ಸ್ವೀಕರಿಸುವ ಇನ್‌ವರ್ಡ್ ವಿಭಾಗದಲ್ಲಿ ಕೊಟ್ಟು, ಮೂರನೆಯ ಪ್ರತಿಯ ಮೇಲೆ ಮೊಹರು ಮತ್ತು ಇನ್‌ವರ್ಡ್ ನಂಬರು ಹಾಕಿಸಿಕೊಂಡು ಅದನ್ನು ಆ ಸಿಸ್ಟರ್ ಕೈಗೇ ಕೊಡಿ. ಪಾಳಿ ಬದಲಾಗುತ್ತದೆ, ವಾರ್ಡ್ ಬದಲಾಗುತ್ತದೆ. ತಡಮಾಡದೆ ಈ ವಾರವೇ ಹೋಗಿ ಬನ್ನಿ.